ಮಗಳ ತೋಳಿನ ಸೆನ್ಸಾರ್, ಅಮ್ಮನ ಫೋನು

ಪ್ರಶ್ನೆ: ನನಗೆ 46 ವರ್ಷ. ನಾವು ದಾವಣಗೆರೆಯವರು. ಒಬ್ಬಳೇ ಮಗಳು, ಈಗ 19. ಮೈಸೂರಿನಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಡಿಗ್ರಿ ಓದುತ್ತಿದ್ದಾಳೆ. ಎಂಟನೇ ವಯಸ್ಸಿನಿಂದ ಟೈಪ್ 1 ಸಕ್ಕರೆ ಕಾಯಿಲೆ. ಆ ವರ್ಷ ಬೇಸಿಗೆ ರಜೆಯಲ್ಲಿ ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಿದ್ದಳು. ಬಿಸಿಲು ಅಂತ ಸುಮ್ಮನಿದ್ದೆ. ಒಂದು ದಿನ ವಾಂತಿಯಾಗಿ ಎಚ್ಚರ ತಪ್ಪಿದಳು. ಮೂರು ದಿನ ಐಸಿಯುನಲ್ಲಿಟ್ಟಿದ್ದರು. ಈ ವಿಷಯ ಅವಳ ಹತ್ತಿರ ನಾನು ಇವತ್ತಿನವರೆಗೆ ಮಾತಾಡಿಲ್ಲ. ಎಂಟು ತಿಂಗಳಿಂದ ತೋಳಿಗೆ ಅಂಟಿಸುವ ಸೆನ್ಸಾರ್ ಹಾಕಿದ್ದಾಳೆ. ಅವಳ ಶುಗರ್ ನನ್ನ ಫೋನಿನಲ್ಲೂ ಕಾಣುತ್ತಿತ್ತು. ಶುಗರ್ ಇಳಿಯುತ್ತಿದೆ ಎಂದು ಬಾಣ ಕೆಳಗೆ ತಿರುಗಿದ ತಕ್ಷಣ ಫೋನ್ ಮಾಡುತ್ತಿದ್ದೆ. ಹೋದ ತಿಂಗಳು ಗೆಳತಿಯರ ಮುಂದೆಯೇ ‘ಸಾಕಮ್ಮಾ, ನನ್ನನ್ನ ಉಸಿರಾಡೋಕೆ ಬಿಡು’ ಎಂದು ಕೂಗಿ, ನನಗೆ ಕಾಣದ ಹಾಗೆ ಬಂದ್ ಮಾಡಿಬಿಟ್ಟಳು. ಕೊನೆಗೆ ನೋಡಿದ ರಿಪೋರ್ಟಿನಲ್ಲಿ ಸರಿಯಾದ ಮಟ್ಟದಲ್ಲಿದ್ದದ್ದು ಶೇ 64 ಮಾತ್ರ. ಅಂದಿನಿಂದ ನನಗೆ ನಿದ್ದೆಯಿಲ್ಲ. ಅಮೆರಿಕದಲ್ಲಿರುವ ಮೈದುನ, ತಾನೇ ಇನ್ಸುಲಿನ್ ಕೊಡುವ ಮಷೀನು ಬಂದಿದೆ ಅನ್ನುತ್ತಾನೆ. ಸೈಟು ಮಾರಿಯಾದರೂ ಕೊಡಿಸೋಣವೇ? ಆಗಲಾದರೂ ನಾನು ನಿಶ್ಚಿಂತೆಯಿಂದ ಇರಬಹುದೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೆಯ ಸಲಕ್ಕೆ ಸೆನ್ಸಾರು, ಮಷೀನು, ಸೈಟು ಎಲ್ಲ ಹಿಂದೆ ಸರಿದು ಒಂದೇ ಒಂದು ಮಾತು ಮನಸ್ಸಿನಲ್ಲಿ ನಿಂತಿತು. ‘ಬಿಸಿಲು ಅಂತ ಸುಮ್ಮನಿದ್ದೆ.’ ಹನ್ನೊಂದು ವರ್ಷದಿಂದ ಈ ಮೂರು ಪದಗಳನ್ನು ಮಗಳಿಗೂ ಹೇಳದೆ ಹೊತ್ತುಕೊಂಡಿದ್ದೀರಿ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಟೈಪ್ 1 ಬರುವುದು ಸಿಹಿ ತಿಂದದ್ದರಿಂದಲ್ಲ, ತಾಯಿಯ ಅಜಾಗರೂಕತೆಯಿಂದಲೂ ಅಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುತ್ತದೆ. ಅದನ್ನು ನೀವು ತಡೆಯುವ ಹಾಗಿರಲಿಲ್ಲ. ಇನ್ನು ಲಕ್ಷಣ ಗುರುತಿಸದೇ ಹೋದದ್ದರ ಮಾತು. ಎಂಟು ವರ್ಷದ ಮಗು, ಏಪ್ರಿಲ್–ಮೇ ತಿಂಗಳು, ದಾವಣಗೆರೆಯ ಬಿಸಿಲು. ನೀರು ಕುಡಿಯದೇ ಇದ್ದಿದ್ದರೆ ನೀವು ಗಾಬರಿಯಾಗುತ್ತಿದ್ದಿರಿ. ಈ ಕಾಯಿಲೆ ಇದೆ ಎಂದು ಗೊತ್ತಾಗುವುದೇ ಹೀಗೆ ಒಮ್ಮೆಲೇ ಆಸ್ಪತ್ರೆಗೆ ಹೊತ್ತೊಯ್ದಾಗ ಎನ್ನುವುದು ಎಲ್ಲ ದೇಶಗಳಲ್ಲೂ ಎಷ್ಟೋ ಮನೆಗಳ ಅನುಭವ. ಇದನ್ನು ಓದುತ್ತಿರುವ ಇತರ ತಂದೆತಾಯಂದಿರಿಗೂ ಹೇಳುತ್ತೇನೆ: ಮಗು ವಿಪರೀತ ನೀರು ಕುಡಿಯುವುದು, ಪದೇಪದೇ ಮೂತ್ರಕ್ಕೆ ಏಳುವುದು, ತೂಕ ಇಳಿಯುವುದು, ಸುಸ್ತು – ಇವು ಒಟ್ಟಿಗೆ ಕಂಡರೆ ಅವತ್ತೇ ರಕ್ತದ ಸಕ್ಕರೆ ನೋಡಿಸಿ.

ಹಾಗಿದ್ದರೂ ನಿಮ್ಮ ಮನಸ್ಸು ಆ ಬೇಸಿಗೆಯ ಲೆಕ್ಕವನ್ನು ಮುಚ್ಚಿಲ್ಲ. ಇನ್ನೊಮ್ಮೆ ಯಾವುದೂ ಕಣ್ಣು ತಪ್ಪಬಾರದು ಎಂದು ಪಣ ತೊಟ್ಟಿದೆ. ಅಂಥ ಮನಸ್ಸಿನ ಕೈಗೆ ಐದೈದು ನಿಮಿಷಕ್ಕೂ ಹೊಸ ಅಂಕಿ ತೋರಿಸುವ ಫೋನು ಸಿಕ್ಕಿತು. ನೀವು ನೋಡುತ್ತಲೇ ಕೂತಿರಿ. ಇದರಲ್ಲಿ ನನಗೆ ತಪ್ಪೇನೂ ಕಾಣಿಸುತ್ತಿಲ್ಲ.

ನಿಮ್ಮ ಭಯವೂ ಬರೀ ಕಲ್ಪನೆಯಲ್ಲ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ 1,441 ಮಂದಿ ಟೈಪ್ 1 ಇರುವವರನ್ನು ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ನಡೆಯಿತು. ಸಕ್ಕರೆಯನ್ನು ಬಿಗಿಯಾಗಿ ಹಿಡಿದಿಟ್ಟರೆ ಕಣ್ಣಿನ ತೊಂದರೆ ಶುರುವಾಗುವ ಅಪಾಯ ಶೇ 76ರಷ್ಟು ತಗ್ಗುತ್ತದೆ ಎಂದು ತೋರಿಸಿಕೊಟ್ಟದ್ದು ಅದೇ. ಆದರೆ ಹಾಗೆ ಬಿಗಿ ಹಿಡಿದವರಲ್ಲಿ, ಬೇರೆಯವರ ನೆರವು ಬೇಕಾಗುವಷ್ಟು ಸಕ್ಕರೆ ಕುಸಿಯುವುದು ಸುಮಾರು ಮೂರು ಪಟ್ಟು ಹೆಚ್ಚಾಯಿತು. ಏರಿದರೆ ಮುಂದಿನ ವರ್ಷಗಳ ಚಿಂತೆ, ಇಳಿದರೆ ಈ ರಾತ್ರಿಯ ಚಿಂತೆ. ಟೈಪ್ 1 ಇರುವ ಮಕ್ಕಳ ತಂದೆತಾಯಂದಿರು ದಿನವೂ ಬದುಕುವುದು ಈ ಇಕ್ಕಟ್ಟಿನಲ್ಲೇ. ಸೆನ್ಸಾರು, ಇನ್ಸುಲಿನ್ ಹರಿಸುವ ಪಂಪು, ಅವೆರಡನ್ನೂ ಜೋಡಿಸುವ ಲೆಕ್ಕಾಚಾರ ಎಂದು ಆಮೇಲೆ ನಡೆದ ಸಂಶೋಧನೆಯಲ್ಲಿ ಬಹಳಷ್ಟು ಈ ಇಕ್ಕಟ್ಟನ್ನು ಸಡಿಲಿಸುವುದಕ್ಕೇ.

ಈಗ ನಿಮಗೆ ಇಬ್ಬರ ಕಥೆ ಹೇಳಬೇಕು. ಅವಸರವಿಲ್ಲದೆ ಓದಿ.

ನ್ಯೂಯಾರ್ಕ್ ರಾಜ್ಯದ ಜಾನ್ ಕಾಸ್ಟಿಕ್ ಎಂಬ ಎಂಜಿನಿಯರ್‌ನ ನಾಲ್ಕು ವರ್ಷದ ಮಗನಿಗೆ 2012ರಲ್ಲಿ ಟೈಪ್ 1 ಎಂದು ತಿಳಿಯಿತು. ಸೆನ್ಸಾರ್ ಹಾಕಿಸಿದರು. ಆಗಿನ ಸೆನ್ಸಾರಿನ ಅಂಕಿ ಮಗುವಿನ ಜೊತೆಗಿದ್ದ ಪುಟ್ಟ ಉಪಕರಣದಲ್ಲಿ ಮಾತ್ರ ಕಾಣುತ್ತಿತ್ತು. ಕೆಲಸಕ್ಕೆ ಹೋದ ಅಪ್ಪನಿಗೆ ಏನೂ ತಿಳಿಯುತ್ತಿರಲಿಲ್ಲ. 2013ರಲ್ಲಿ ಆತ ತಾನೇ ಪ್ರೋಗ್ರಾಂ ಬರೆದು ಆ ಅಂಕಿಗಳು ದೂರದಲ್ಲೂ ಕಾಣುವ ಹಾಗೆ ಮಾಡಿಕೊಂಡ. ನಿಮ್ಮಂಥದೇ ಒಂದು ಜೀವ.

ಅದೇ ವರ್ಷ ಸಿಯಾಟಲ್ ನಗರದಲ್ಲಿ ಡಾನಾ ಲೂಯಿಸ್ ಎಂಬ ಯುವತಿ ಒಂಟಿಯಾಗಿ ವಾಸವಿದ್ದಳು. ಅವಳಿಗೂ ಟೈಪ್ 1. ರಾತ್ರಿ ಸಕ್ಕರೆ ಇಳಿದಾಗ ಸೆನ್ಸಾರಿನ ಅಲಾರಂ ಹೊಡೆದರೂ ಅವಳಿಗೆ ಎಚ್ಚರವಾಗುತ್ತಿರಲಿಲ್ಲ. ಜೋರಾಗಿ ಕೂಗುವ ಅಲಾರಂ ಮಾಡಿಕೊಳ್ಳಲು ದಾರಿ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಕಾಸ್ಟಿಕ್‌ನ ಕೆಲಸ. ಆತ ತನ್ನ ಪ್ರೋಗ್ರಾಮನ್ನು ಹಂಚಿಕೊಂಡ. ಅದರ ಮೇಲೆ ಅವಳು, ಗೆಳೆಯ ಸ್ಕಾಟ್ ಲೈಬ್ರಾಂಡ್ ಜೊತೆ ಸೇರಿ, ಮೊದಲು ದೊಡ್ಡ ದನಿಯ ಅಲಾರಂ ಮಾಡಿದಳು, ಆಮೇಲೆ ಸಕ್ಕರೆ ಎತ್ತ ಹೋಗುತ್ತಿದೆ ಎಂದು ಮುಂಚಿತವಾಗಿ ಹೇಳುವ ವ್ಯವಸ್ಥೆ ಮಾಡಿದಳು, ಕೊನೆಗೆ ಪಂಪಿಗೆ ಜೋಡಿಸಿ ಇನ್ಸುಲಿನ್ ತಾನಾಗಿ ಹೆಚ್ಚುಕಮ್ಮಿಯಾಗುವ ಹಾಗೆ ಮಾಡಿದಳು. 2015ರಲ್ಲಿ ಅದನ್ನು ಎಲ್ಲರಿಗೂ ತೆರೆದಿಟ್ಟಳು. (ಇದು ವೈದ್ಯರ ನೆರವಿಲ್ಲದೆ ಮನೆಯಲ್ಲಿ ಪ್ರಯೋಗ ಮಾಡುವ ವಿಷಯ ಖಂಡಿತ ಅಲ್ಲ.)

ಮೊದಲನೆಯದು, ನಾಲ್ಕು ವರ್ಷದ ಮಗುವಿಗಾಗಿ ಅಪ್ಪ ಕಣ್ಣಿಟ್ಟ ಕಥೆ. ಅಲ್ಲಿ ಮಗುವನ್ನು ಕೇಳುವ ಪ್ರಶ್ನೆಯೇ ಬರುವುದಿಲ್ಲ. ಎರಡನೆಯದು, ಬೆಳೆದ ಹೆಣ್ಣುಮಗಳೊಬ್ಬಳು ತನ್ನ ಕಾಯಿಲೆಯ ಲಗಾಮನ್ನು ತಾನೇ ಹಿಡಿದು, ಯಾರು ನೋಡಬೇಕು ಎಂದು ತಾನೇ ತೀರ್ಮಾನಿಸಿದ ಕಥೆ. ನಿಮ್ಮ ಮಗಳು ಎಂಟರಿಂದ ಹತ್ತೊಂಬತ್ತಕ್ಕೆ ಬರುವಾಗ ಮೊದಲನೆಯ ಕಥೆಯಿಂದ ಎರಡನೆಯದಕ್ಕೆ ದಾಟಿದ್ದಾಳೆ. ನಿಮ್ಮ ಫೋನು ಮಾತ್ರ ಮೊದಲನೆಯ ಕಥೆಯಲ್ಲೇ ಉಳಿದುಕೊಂಡಿತ್ತು. ಅವಳು ಕೂಗಿದ ರೀತಿ ನಿಮಗೆ ನೋವು ಕೊಟ್ಟಿದೆ, ಅದು ನನಗೆ ಅರ್ಥವಾಗುತ್ತದೆ. ಆದರೆ ಅವಳು ಮುಚ್ಚಿದ್ದು ನಿಮಗೆ ಕಾಣುವ ಪರದೆಯನ್ನು. ಸೆನ್ಸಾರನ್ನು ಕಿತ್ತೆಸೆದಿಲ್ಲ, ಇನ್ಸುಲಿನ್ ಬಿಟ್ಟಿದ್ದಾಳೆ ಎಂದೂ ನೀವು ಬರೆದಿಲ್ಲ.

ಅವಳ ಕಡೆಯಿಂದ ಒಂದು ಗಳಿಗೆ ನೋಡಿ. ಕ್ಲಾಸಿನಲ್ಲಿ ಕೂತಿದ್ದಾಳೆ, ಬಾಣ ಕೆಳಗಿದೆ, ಅವಳ ಫೋನೂ ಗುರ್ ಎಂದಿದೆ. ಬ್ಯಾಗಿನಿಂದ ಗ್ಲೂಕೋಸ್ ತೆಗೆದು ಬಾಯಿಗೆ ಹಾಕಿಕೊಂಡಿದ್ದಾಳೆ. ಅಷ್ಟರಲ್ಲಿ ನಿಮ್ಮ ಕರೆ. ಮಾಡಬೇಕಾದ್ದನ್ನು ಮಾಡಿದ ಹುಡುಗಿಗೆ, ಮಾಡಿಲ್ಲವೇನೋ ಎಂಬ ಅನುಮಾನದ ದನಿ ಕೇಳಿಸುತ್ತದೆ. ನಿಮ್ಮ ಬಾಯಿಂದ ಬರುವುದು ‘ಏನಾದ್ರೂ ತಿಂದ್ಯಾ?’ ಎಂಬ ಅಕ್ಕರೆಯ ಮಾತು, ಅವಳ ಕಿವಿಗೆ ಬೀಳುವುದು ‘ನೀನೊಬ್ಬಳೇ ನಿಭಾಯಿಸಲಾರೆ’ ಎಂಬ ಮಾತು. ದಿನಕ್ಕೆ ಹಲವು ಸಲ ಲೆಕ್ಕ ಹಾಕಿ ಚುಚ್ಚಿಕೊಂಡು ಬದುಕುವವರಿಗೆ ಆಗುವ ಈ ದಣಿವಿಗೆ ವೈದ್ಯರು ಡಯಾಬಿಟಿಸ್ ಡಿಸ್ಟ್ರೆಸ್ ಎನ್ನುತ್ತಾರೆ. ಸೋಮಾರಿತನವೂ ಅಲ್ಲ, ಹಟಮಾರಿತನವೂ ಅಲ್ಲ.

ಇನ್ನು ಆ ಶೇ 64. ಪರೀಕ್ಷೆಯಲ್ಲಿ ಫೇಲಾದವರ ಹಾಗೆ ಬರೆದಿದ್ದೀರಿ. ರಕ್ತದ ಸಕ್ಕರೆ 70ರಿಂದ 180ರ ನಡುವೆ ಇರುವ ಹೊತ್ತು ದಿನದ ಶೇ 70ಕ್ಕಿಂತ ಹೆಚ್ಚಿರಲಿ ಎನ್ನುವುದು 2019ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿಕೊಂಡ ಗುರಿ. ನೂರಲ್ಲ, ಎಪ್ಪತ್ತು. ನಿಮ್ಮ ಮೈದುನ ಹೇಳುವಂಥ ಮಷೀನಿಗೆ ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2016ರಲ್ಲಿ. ಅಂಥ ಇನ್ನೊಂದು ವ್ಯವಸ್ಥೆಯನ್ನು 14 ವರ್ಷ ಮೇಲ್ಪಟ್ಟ 168 ಮಂದಿಯ ಅಧ್ಯಯನದಲ್ಲಿ ಆರು ತಿಂಗಳು ಪರೀಕ್ಷಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನು ಬಳಸಿದವರಲ್ಲಿ ಸರಿಯಾದ ಮಟ್ಟದಲ್ಲಿರುವ ಹೊತ್ತು ಶೇ 61ರಿಂದ 71ಕ್ಕೆ ಏರಿತು. ಬಳಸದವರಲ್ಲಿ 59ರಲ್ಲೇ ಇತ್ತು. ದಿನಕ್ಕೆ ಎರಡೂವರೆ ತಾಸಿನಷ್ಟು ಹೆಚ್ಚು ನೆಮ್ಮದಿ. ಅದು ಸಣ್ಣ ಸಾಧನೆಯಲ್ಲ. ಆದರೂ ಗಮನಿಸಿ: ಆ ಮಷೀನು, ಆ ವೈದ್ಯರು, ಆ ನಿಗಾ ಎಲ್ಲ ಇದ್ದೂ ದಿನದ ಏಳು ತಾಸು ಸಕ್ಕರೆ ಗೆರೆಯ ಆಚೆಗೇ ಇತ್ತು. ಪಿ.ಜಿ. ಊಟ ಮಾಡಿಕೊಂಡು, ತಾನೇ ಇನ್ಸುಲಿನ್ ಚುಚ್ಚಿಕೊಂಡು ನಿಮ್ಮ ಮಗಳು 64 ಮುಟ್ಟಿದ್ದಾಳೆ. ಇನ್ನಷ್ಟು ಸುಧಾರಿಸಬಹುದು, ನಿಜ. ಆದರೆ ಅವಳ ಬೆನ್ನು ತಟ್ಟದೆ ಬಯ್ಯುವಂಥ ಅಂಕಿ ಅದಲ್ಲ.

ಸೈಟಿನ ವಿಚಾರ. ದಯವಿಟ್ಟು ಭಯದ ಕೈಗೆ ಸಹಿ ಹಾಕಲು ಕೊಡಬೇಡಿ. ಆ ಮಷೀನಿನಲ್ಲಿ ಸೆನ್ಸಾರ್, ಪಂಪು, ಇವೆರಡರ ನಡುವೆ ಲೆಕ್ಕ ಹಾಕುವ ಪ್ರೋಗ್ರಾಂ ಹೀಗೆ ಮೂರು ಭಾಗ. ಊಟದ ಹೊತ್ತಿಗೆ ಎಷ್ಟು ತಿನ್ನುತ್ತೇನೆ ಎಂದು ಈಗಲೂ ಹೆಚ್ಚಿನವಕ್ಕೆ ಬಳಸುವವರೇ ಹೇಳಬೇಕು. ಒಮ್ಮೆ ದುಡ್ಡು ಕಟ್ಟಿದರೆ ಮುಗಿಯುವುದೂ ಇಲ್ಲ. ಮೈಯೊಳಗೆ ಹೋಗುವ ಪುಟ್ಟ ಕೊಳವೆಯನ್ನು ಸಾಮಾನ್ಯವಾಗಿ ಎರಡು–ಮೂರು ದಿನಕ್ಕೊಮ್ಮೆ ಬದಲಿಸಬೇಕು, ಸೆನ್ಸಾರ್ ಖರ್ಚು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಹಗಲೂ ರಾತ್ರಿ ಅದನ್ನು ಮೈಮೇಲೆ ಹೊರುವವಳು ಅವಳು. ಬೇಕೋ ಬೇಡವೋ ಎಂಬ ಮಾತು ಅವಳಿಂದ, ಅವಳ ಡಾಕ್ಟರಿಂದ ಬರಲಿ. ಮಷೀನು ಬಂದರೆ ನಿಶ್ಚಿಂತೆಯಿಂದ ಇರಬಹುದೇ ಎಂದು ಕೇಳಿದ್ದೀರಿ. ಅವಳಿಗೆ ಒಳ್ಳೆಯದಾಗಬಹುದು. ನಿಮ್ಮ ಕಣ್ಣಿಗೆ ಮಾತ್ರ ಇನ್ನೂ ಹತ್ತು ಅಂಕಿ ಹೆಚ್ಚು ಬೀಳುತ್ತವೆ. ಆ ಬೇಸಿಗೆಯನ್ನು ವಾಸಿಮಾಡುವ ಮಷೀನು ಇಲ್ಲ.

ಸೆನ್ಸಾರ್ ಬಗ್ಗೆ ಎರಡು ಸಂಗತಿ ನಿಮಗೆ ಗೊತ್ತಿದ್ದರೆ ಅರ್ಧ ಗಾಬರಿ ತಗ್ಗುತ್ತದೆ. ಅದು ಅಳೆಯುವುದು ರಕ್ತವನ್ನಲ್ಲ, ಚರ್ಮದಡಿಯ ಜೀವಕೋಶಗಳ ನಡುವಿನ ದ್ರವವನ್ನು. ಹಾಗಾಗಿ ನೀವು ನೋಡುವ ಅಂಕಿ ರಕ್ತಕ್ಕಿಂತ ಐದು–ಹತ್ತು ನಿಮಿಷ ಹಿಂದೆ ಇರುತ್ತದೆ. ಗ್ಲೂಕೋಸ್ ತಿಂದು ಅವಳು ಸರಿಹೋಗಿದ್ದರೂ ನಿಮ್ಮ ಫೋನಿನಲ್ಲಿ ಬಾಣ ಇನ್ನೂ ಕೆಳಗೇ ಇರಬಹುದು. ಇನ್ನೊಂದು, ಮಲಗಿದಾಗ ಆ ತೋಳಿನ ಮೇಲೆಯೇ ಭಾರ ಬಿದ್ದರೆ, ನಿಜವಾಗಿ ಇಲ್ಲದ ಕುಸಿತವನ್ನು ಸೆನ್ಸಾರ್ ತೋರಿಸಬಹುದು. ನಡುರಾತ್ರಿ ನೀವು ನಡುಗುತ್ತಾ ಫೋನ್ ಮಾಡಿದ ರಾತ್ರಿಗಳಲ್ಲಿ ಕೆಲವು, ಅವಳು ಮಗ್ಗುಲು ಬದಲಿಸಿದ್ದು ಮಾತ್ರ ಆಗಿರಬಹುದು. ಹಾಗೆಂದು ಅಲಾರಂ ಬಂದಾಗ ಅವಳು ಅಲಕ್ಷ್ಯ ಮಾಡುವ ಹಾಗಿಲ್ಲ. ಅನುಮಾನ ಬಂದಾಗ, ಮೈಗೆ ಅನಿಸುವುದಕ್ಕೂ ಅಂಕಿಗೂ ತಾಳೆಯಾಗದಾಗ, ಬೆರಳು ಚುಚ್ಚಿ ನೋಡಲೇಬೇಕು. ಗ್ಲುಕೋಮೀಟರ್, ಸ್ಟ್ರಿಪ್ ಅವಳ ಹತ್ತಿರ ಯಾವಾಗಲೂ ಇರಲಿ.

ಈಗ ಏನು ಮಾಡಬಹುದು? ಮೊದಲು ಅವಳೊಡನೆ ಮಾತು. ‘ಮತ್ತೆ ಯಾವಾಗ ಆನ್ ಮಾಡ್ತೀಯಾ?’ ಎಂದು ಶುರು ಮಾಡಬೇಡಿ. ‘ನನ್ನ ಯಾವ ಫೋನು ನಿನಗೆ ತುಂಬಾ ಹಿಂಸೆ ಅನಿಸ್ತು?’ ಎಂದು ಕೇಳಿ, ಅವಳು ಹೇಳುವಷ್ಟನ್ನೂ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಸಮರ್ಥನೆ ಬೇಡ.

ಆಮೇಲೆ, ಅವಳು ಒಪ್ಪಿದರೆ ಮಾತ್ರ, ಒಂದು ಒಪ್ಪಂದ ಮಾಡಿಕೊಳ್ಳಿ. ಉದಾಹರಣೆಗೆ: ಅವಳ ಫೋನಿನಲ್ಲಿ 70ಕ್ಕೇ ಅಲಾರಂ, ನಿಮ್ಮದರಲ್ಲಿ 55ಕ್ಕೆ ಮಾತ್ರ, ಅದೂ ರಾತ್ರಿ ಹೊತ್ತು. ಉಳಿದ ಅಂಕಿಗಳನ್ನು ನೀವು ತೆರೆದು ನೋಡುವುದಿಲ್ಲ. ಅಲಾರಂ ಬಂದರೆ ಅವಳು ಒಂದು ಚಿಹ್ನೆ ಕಳಿಸುತ್ತಾಳೆ, ‘ನೋಡಿಕೊಂಡೆ’ ಎಂದು. ಹತ್ತು ನಿಮಿಷ ಬಾರದಿದ್ದರೆ ನೀವು ಫೋನ್ ಮಾಡುತ್ತೀರಿ. ಎತ್ತದಿದ್ದರೆ ರೂಮ್‌ಮೇಟ್‌ಗೆ. ಅಲಾರಂ ಯಾವ ಅಂಕಿಗೆ ಎನ್ನುವುದನ್ನು ಡಾಕ್ಟರನ್ನು ಕೇಳಿ ಗೊತ್ತುಮಾಡಿಕೊಳ್ಳಿ. ಒಪ್ಪಂದ ಪಾಲಿಸುವುದು ಹೆಚ್ಚು ಕಷ್ಟವಾಗುವುದು ನಿಮಗೇ. ಮೊದಲ ವಾರ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ರಾತ್ರಿ ಅದನ್ನು ತಲೆದಿಂಬಿನ ಪಕ್ಕ ಇಡದೆ, ಅಲಾರಂ ಕೇಳಿಸುವಷ್ಟು ದೂರದ ಮೇಜಿನ ಮೇಲಿಡಿ. ಅವಳು ಈಗಲೇ ಒಪ್ಪದಿದ್ದರೆ ಒತ್ತಾಯ ಬೇಡ. ಒಂದು ತಿಂಗಳು ಬಿಟ್ಟು ಮತ್ತೆ ಕೇಳಬಹುದು.

ರೂಮ್‌ಮೇಟ್ ವಿಷಯ ಮಾತ್ರ ಬಿಟ್ಟುಕೊಡಬೇಡಿ, ಮಗಳೂ ಒಪ್ಪಬಹುದು. ಸಕ್ಕರೆ ಕುಸಿದರೆ ಏನು ಮಾಡಬೇಕು ಎಂದು ಆ ಹುಡುಗಿಗೆ ಹೇಳಿಕೊಟ್ಟಿರಬೇಕು. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, ಮಗ್ಗುಲಿಗೆ ಮಲಗಿಸಿ ತಕ್ಷಣ 108ಕ್ಕೆ ಕರೆ ಮಾಡಬೇಕು. ಡಾಕ್ಟರು ಸಕ್ಕರೆ ಏರಿಸುವ ಗ್ಲುಕಗಾನ್ ಔಷಧ ಬರೆದುಕೊಟ್ಟಿದ್ದರೆ ಅದು ಎಲ್ಲಿದೆ, ಹೇಗೆ ಕೊಡುವುದು ಎಂದು ಆ ಹುಡುಗಿಗೂ ಗೊತ್ತಿರಲಿ. ದಾವಣಗೆರೆಯಿಂದ ನೀವು ಮಾಡುವ ಇಪ್ಪತ್ತು ಕರೆಗಿಂತ ಪಕ್ಕದ ಮಂಚದ ಆ ಹುಡುಗಿಯ ತಿಳಿವಳಿಕೆ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮೈಸೂರಿನಲ್ಲೇ ಅವಳಿಗೊಬ್ಬ ಎಂಡೋಕ್ರಿನಾಲಜಿಸ್ಟ್ ಇರಲಿ, ಅವಳು ಒಬ್ಬಳೇ ಹೋಗಿ ಮಾತಾಡಲಿ. ಅವಳು ಇನ್ಸುಲಿನ್ ತಪ್ಪಿಸುತ್ತಿದ್ದಾಳೆ, ತೂಕ ಇಳಿಯುತ್ತಿದೆ, ಪದೇಪದೇ ತೀರಾ ಕೆಳಗಿಳಿಯುತ್ತಿದೆ, ಬದುಕೇ ಸಾಕಾಗಿದೆ ಎಂಬ ಮಾತು ಬರುತ್ತಿದೆ ಎಂದಾದರೆ ಕಾಯಬೇಡಿ, ಕೂಡಲೇ ಹೋಗಿ ನೋಡಿ, ಡಾಕ್ಟರ ಬಳಿ ಕರೆದೊಯ್ಯಿರಿ. ಖರ್ಚಿನ ಚಿಂತೆಯಿರುವ ಬೇರೆ ಓದುಗರು ಬೆಂಗಳೂರಿನಲ್ಲಿರುವ ರಾಜ್ಯ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್‌ನಲ್ಲಿ ವಿಚಾರಿಸಬಹುದು.

ನಿಮ್ಮ ನಿದ್ದೆಗೂ ನೆರವು ಬೇಕು. ತಿಂಗಳಿಂದ ನಿದ್ದೆಯಿಲ್ಲ ಎಂದರೆ ಅದನ್ನು ತಾಯ್ತನದ ಪಾಲು ಎಂದು ನುಂಗಿಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ತಾಸೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಎರಡು ಗಂಟೆಗೆ ಮಗಳ ನಂಬರ್ ಒತ್ತಬೇಕು ಎನಿಸಿದಾಗ ಅದರ ಬದಲು 14416 ಒತ್ತಿ. ಎದೆ ಹೊಡೆದುಕೊಳ್ಳುವುದು, ಊಟ ಸೇರದಿರುವುದು ಇದ್ದರೆ ಮನೋವೈದ್ಯರನ್ನು ಮುಖತಃ ಕಾಣಿ.

ಮತ್ತೆ ಆ ಬೇಸಿಗೆ. ಅವಳ ಹತ್ತಿರ ಒಮ್ಮೆಯೂ ಮಾತಾಡಿಲ್ಲ ಎಂದಿದ್ದೀರಿ. ಅಮ್ಮ ಯಾಕೆ ಹೀಗೆ ಬೆನ್ನು ಬಿಡದೆ ಕಾಯುತ್ತಾಳೆ ಎನ್ನುವುದು ಅವಳಿಗೆ ಗೊತ್ತಿರಲಿಕ್ಕಿಲ್ಲ. ತನ್ನ ಮೇಲೆ ನಂಬಿಕೆಯಿಲ್ಲ ಎಂದಷ್ಟೇ ಅಂದುಕೊಂಡಿರಬಹುದು. ಮುಂದಿನ ಸಲ ಅವಳು ಊರಿಗೆ ಬಂದಾಗ, ಇಬ್ಬರೇ ಇದ್ದಾಗ, ಹೇಳಿ. ಚೊಂಬಿನ ನೀರಿನಿಂದ ಹಿಡಿದು ಐಸಿಯು ಬಾಗಿಲಿನ ತನಕ, ನಿಮಗೆ ನೆನಪಿರುವ ಹಾಗೆ. ಅಳು ಬಂದರೆ ಬರಲಿ. ಅವಳಿಗೆ ಹತ್ತೊಂಬತ್ತು, ಕೇಳಿಸಿಕೊಳ್ಳಬಲ್ಲಳು.