ಬೈಕಿನ ಬೆನ್ನಿಗೆ ಐದು ಲೀಟರ್ ಪೆಟ್ರೋಲ್

ಬೇಸಿಗೆಯ ಒಂದು ಬೆಳಿಗ್ಗೆ ನಮ್ಮ ಬೀದರ ಜಿಲ್ಲೆಯ ಔರಾದ ರಸ್ತೆಯ ಪೆಟ್ರೋಲ್ ಪಂಪಿನಲ್ಲಿ ಸರದಿ ನಿಂತಿದ್ದೆ. ನನ್ನ ಮುಂದಿದ್ದವನು ಚಿಂತಾಕಿ ಕಡೆಯ ಹುಡುಗ, ಗೆಳೆಯರ ಜೊತೆ ಲಡಾಖಿಗೆ ಹೊರಟವನು. ಹಿಂದಿನ ಸೀಟಿಗೆ ಬಟ್ಟೆಯ ಚೀಲ ಬಿಗಿದು, ಅದರ ಪಕ್ಕಕ್ಕೆ ಅಡುಗೆ ಎಣ್ಣೆಯ ಐದು ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನು ಕಟ್ಟಿದ್ದ. ಟಾಕಿ ತುಂಬಿದ ಮೇಲೆ ಕ್ಯಾನು ಬಿಚ್ಚಿ ನೆಲಕ್ಕಿಟ್ಟು, "ಕಾಕಾ, ಇದ್ರಾಗೂ ಹಾಕ್ರಿ" ಅಂದ.

"ಇದ್ರಾಗ ಹಾಕಂಗಿಲ್ಲ ತಮ್ಮಾ. ಟಾಕಿಗಿ ಎಷ್ಟ್ ಬೇಕಾದ್ರೂ ಹಾಕ್ತೀನಿ."

ಹುಡುಗ ವಾದಕ್ಕೆ ನಿಂತ. ರೊಕ್ಕ ಕೊಡುವವನು ನಾನು, ಕೊಡಲ್ಲ ಅನ್ನೋಕೆ ನೀವ್ಯಾರು ಅಂದ. ಪಂಪಿನ ಹಿರಿಯರಿಗೆ ಕಾರಣ ವಿವರಿಸಲು ಬರಲಿಲ್ಲ. "ರೂಲ್ಸ್ ಅದ" ಎಂದಷ್ಟೇ ಹೇಳಿ ಪೈಪು ಮೇಲಿಟ್ಟರು. ಅವರು ಮಾಡಿದ್ದು ಸರಿ. ಹುಡುಗನ ಕೋಪವೂ ನನಗೆ ಅರ್ಥವಾಯಿತು, ಏಕೆಂದರೆ ಆ ರೂಲ್ಸ್ ಏನೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಹೆಚ್ಚುವರಿ ಪೆಟ್ರೋಲ್ ಒಯ್ಯುವುದೇ ಅಪರಾಧ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಇದನ್ನು ಆಳುವುದು 1934ರ ಪೆಟ್ರೋಲಿಯಂ ಕಾಯ್ದೆ. ಅದು ಕೇಂದ್ರದ ಕಾಯ್ದೆಯಾದ್ದರಿಂದ ಔರಾದ, ಭಾಲ್ಕಿಗೆ ಹೇಗೋ ಗಡಿಯಾಚೆಯ ತೆಲಂಗಾಣ, ಮಹಾರಾಷ್ಟ್ರಕ್ಕೂ ಹಾಗೆಯೇ ಅನ್ವಯಿಸುತ್ತದೆ. 23 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲೇ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಆವಿ ಬಿಡುವ ಎಣ್ಣೆಗಳನ್ನು ಕಾಯ್ದೆ 'ಎ' ವರ್ಗಕ್ಕೆ ಸೇರಿಸುತ್ತದೆ. ಪೆಟ್ರೋಲ್ ಈ ವರ್ಗದ್ದು. ಡೀಸೆಲ್ 'ಬಿ' ವರ್ಗದ್ದು, ಅದಕ್ಕೆ ನಿಯಮ ಬಹಳ ಸಡಿಲ.

ಕಾಯ್ದೆಯ 8ನೇ ಕಲಮಿನ ಪ್ರಕಾರ, ಮಾರಾಟಕ್ಕಲ್ಲದೆ ಸ್ವಂತ ಬಳಕೆಗೆ ಒಬ್ಬ ವ್ಯಕ್ತಿ ಒಟ್ಟು 30 ಲೀಟರ್‌ವರೆಗೆ ಪೆಟ್ರೋಲನ್ನು ಪರವಾನಗಿ ಇಲ್ಲದೆಯೇ ಇಟ್ಟುಕೊಳ್ಳಬಹುದು, ಸಾಗಿಸಲೂಬಹುದು. ಬೈಕಿನವರಿಗೆ ಇಷ್ಟೇ ಸಾಕು. ಆದರೆ ಅದೇ ಕಲಮಿನ ಎರಡನೇ ಭಾಗ ಪಾತ್ರೆಯ ವಿಷಯ ಹೇಳುತ್ತದೆ. ಪೆಟ್ರೋಲ್ ಇರಬೇಕಾದದ್ದು ಬಿಗಿಯಾಗಿ ಮುಚ್ಚಿದ ಗಾಜಿನ, ಪಿಂಗಾಣಿ ಮಣ್ಣಿನ ಅಥವಾ ಲೋಹದ ಪಾತ್ರೆಯಲ್ಲಿ. ಗಾಜು, ಮಣ್ಣಿನದಾದರೆ ಒಂದು ಲೀಟರ್ ಮೀರಬಾರದು, ಲೋಹದ್ದಾದರೆ 25 ಲೀಟರ್ ಮೀರಬಾರದು. ಆ ಪಟ್ಟಿಯಲ್ಲಿ ಪ್ಲಾಸ್ಟಿಕ್ಕೇ ಇಲ್ಲ. ನೀರಿನ ಬಾಟಲಿ, ಎಣ್ಣೆಯ ಕ್ಯಾನು, ಔಷಧಿ ಹೊಡೆಯುವ ಪಂಪಿಗೆಂದು ಹೊಲಕ್ಕೆ ಒಯ್ಯುವ ಬಿಳಿ ಡಬ್ಬಿ, ಯಾವುದೂ ಇದರೊಳಗೆ ಬರುವುದಿಲ್ಲ. ಐದು ಲೀಟರ್ ಒಯ್ಯುವ ಹಕ್ಕು ಹುಡುಗನಿಗೆ ಖಂಡಿತ ಇತ್ತು. ತಂದ ಡಬ್ಬಿ ತಪ್ಪಿತ್ತು, ಅಷ್ಟೇ.

ಇನ್ನು ಪಂಪಿನವರ ಮಾತು. 2002ರ ಪೆಟ್ರೋಲಿಯಂ ನಿಯಮಗಳ ಪ್ರಕಾರ ಒಂದು ಲೀಟರಿಗಿಂತ ದೊಡ್ಡದಾದ ಪೆಟ್ರೋಲ್ ಪಾತ್ರೆ ಮುಖ್ಯ ಸ್ಫೋಟಕ ನಿಯಂತ್ರಕರು ಒಪ್ಪಿದ ಮಾದರಿಯದ್ದಾಗಿರಬೇಕು. ಇವರ ಕೇಂದ್ರ ಕಚೇರಿ ನಾಗಪುರದಲ್ಲಿದೆ. ಪಂಪ್ ನಡೆಯುವುದೇ ಇವರ ಇಲಾಖೆಯ ಪರವಾನಗಿಯ ಮೇಲೆ. ಕಂಡ ಕಂಡ ಬಾಟಲಿಗೆ ತುಂಬಿಕೊಟ್ಟರೆ ಮೊದಲು ಕುತ್ತು ಬರುವುದು ಅದಕ್ಕೆ. ಆದ್ದರಿಂದ ಡಬ್ಬಿ ಕೊಳ್ಳುವಾಗ ಅನುಮೋದನೆಯ ಗುರುತು ಇದೆಯೇ ಎಂದು ನೋಡಿ ಕೊಳ್ಳಿ. ಗಲಾಟೆ, ಬಂದ್ ಇರುವ ದಿನಗಳಲ್ಲಿ ಜಿಲ್ಲಾಡಳಿತ ಬಿಡಿ ಪೆಟ್ರೋಲ್ ಮಾರಾಟವನ್ನೇ ನಿಲ್ಲಿಸುವುದುಂಟು. ಆಗ ಸರಿಯಾದ ಡಬ್ಬಿ ತಂದರೂ ಸಿಗುವುದಿಲ್ಲ.

ಡಬ್ಬಿಯ ಬಗ್ಗೆ ಇನ್ನೊಂದು ನಿಯಮವಿದೆ, ಜೀವ ಉಳಿಸುವಂಥದ್ದು. ಪಾತ್ರೆಯಲ್ಲಿ ಕನಿಷ್ಠ ಶೇಕಡಾ 5ರಷ್ಟು ಜಾಗ ಖಾಲಿ ಇರಬೇಕು. ಐದು ಲೀಟರಿನ ಡಬ್ಬಿಯಾದರೆ ನಾಲ್ಕೂ ಮುಕ್ಕಾಲು ಲೀಟರಿಗೆ ಕೈ ನಿಲ್ಲಿಸಬೇಕು. ಯಾಕೆ ಅಂದರೆ ಪೆಟ್ರೋಲ್ ಕಾದರೆ ಹಿಗ್ಗುತ್ತದೆ. ಬೆಳಿಗ್ಗೆ ತಣ್ಣಗಿದ್ದದ್ದು ನಮ್ಮ ಬೀದರ ಬಿಸಿಲಿಗೆ 20 ಡಿಗ್ರಿ ಕಾದರೆ, ಐದು ಲೀಟರಿಗೆ ಸುಮಾರು 95 ಮಿಲಿ ಲೀಟರ್ ಉಬ್ಬುತ್ತದೆ, ಹೆಚ್ಚುಕಡಿಮೆ ಒಂದು ಚಹಾ ಕಪ್ಪಿನಷ್ಟು. ಕುತ್ತಿಗೆಯವರೆಗೆ ತುಂಬಿದ ಡಬ್ಬಿಯಲ್ಲಿ ಅದಕ್ಕೆ ಜಾಗವಿಲ್ಲ. ಮುಚ್ಚಳದ ಸಂದಿಯಿಂದ ಜಿನುಗಿ ಬಿಸಿ ಸೈಲೆನ್ಸರಿನ ಮೇಲೆ ಹನಿಯುತ್ತದೆ. ತುಂಬುವಾಗ ಡಬ್ಬಿಯನ್ನು ಗಾಡಿಯ ಮೇಲೆ ಇಡದೆ ನೆಲದ ಮೇಲೇ ಇಡಬೇಕು. ಪೈಪಿನ ತುದಿ ಡಬ್ಬಿಯ ಬಾಯಿಗೆ ತಾಗಿರಬೇಕು. ಪೆಟ್ರೋಲ್ ಹರಿಯುವಾಗ ಹುಟ್ಟುವ ಸ್ಥಿರ ವಿದ್ಯುತ್ತು ಹಾಗೆ ನೆಲ ಸೇರಿಹೋಗುತ್ತದೆ.

ಕಾಯ್ದೆಯ 9ನೇ ಕಲಂ ವಾಹನ ಮಾಲೀಕರಿಗೆ ಇನ್ನೂ ಸ್ವಲ್ಪ ಸಡಿಲ ಕೊಡುತ್ತದೆ. ಟಾಕಿಯಲ್ಲಿರುವುದನ್ನು ಬಿಟ್ಟು 100 ಲೀಟರ್‌ವರೆಗೆ ಆ ವಾಹನಕ್ಕೆಂದೇ ಇಟ್ಟುಕೊಳ್ಳಬಹುದು. ಆದರೆ ಈ ಸೌಲಭ್ಯ ಗಾಡಿಯ ನೋಂದಣಿ, ಓಡಿಸುವವನ ಲೈಸೆನ್ಸ್ ಎರಡೂ ಸರಿ ಇರುವವರಿಗೆ ಮಾತ್ರ. 30 ಲೀಟರ್ ದಾಟಿದರೆ ಜನ ವಾಸಿಸುವ ಕೋಣೆಗೆ ಸಂಪರ್ಕವಿಲ್ಲದ ಪ್ರತ್ಯೇಕ ಜಾಗ ಬೇಕು. ನೂರು ಲೀಟರ್ ಎಂದು ಕೇಳಿ ಬೈಕಿನ ಮೇಲೆ ಹೇರಲು ಹೋಗಬೇಡಿ. ನಾಲ್ವರು ಗೆಳೆಯರ ಪೆಟ್ರೋಲನ್ನು ಒಬ್ಬನ ಗಾಡಿಗೇ ಕಟ್ಟುವುದೂ ಬೇಡ. ಯಾರ ಕೈಯಲ್ಲಿದೆಯೋ ಅವರ ಲೆಕ್ಕಕ್ಕೇ ಅದು ಸೇರುತ್ತದೆ. ಹೆಚ್ಚು ಎಣ್ಣೆ ಹಿಡಿಯಲೆಂದು ಟಾಕಿಯನ್ನೇ ಕತ್ತರಿಸಿ ಬೆಸುಗೆ ಹಾಕಿಸುವವರೂ ಇದ್ದಾರೆ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುವ ಮಾರ್ಪಾಡಿಗೆ ಹೋಗಿ ಮುಟ್ಟಬಹುದು.

ಗಡಿ ಊರುಗಳಲ್ಲಿ ಬೇರೊಂದು ವ್ಯವಹಾರ ನಡೆಯುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಪೆಟ್ರೋಲ್ ಜಿಎಸ್‌ಟಿಯ ಹೊರಗಿದೆ, ಒಂದೊಂದು ರಾಜ್ಯದ ತೆರಿಗೆ ಒಂದೊಂದು ಥರ. ಆಚೆಗಿಂತ ನಮ್ಮಲ್ಲಿ ದರ ಕಡಿಮೆ ಇದ್ದಾಗ ಅಲ್ಲಿನವರು ಇಲ್ಲಿಗೆ ಬಂದು ಟಾಕಿ ತುಂಬಿಸಿಕೊಂಡು ಹೋಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಕ್ಯಾನುಗಳಲ್ಲಿ ಒಯ್ದು ಕಿರಾಣಿ ಅಂಗಡಿಯ ಮುಂದೆ ಬಾಟಲಿ ಸಾಲಿಟ್ಟು ಮಾರಿದರೆ ತಪ್ಪು. 8ನೇ ಕಲಮಿನ ವಿನಾಯಿತಿ ಮಾರಾಟಕ್ಕೆ ಅನ್ವಯಿಸುವುದಿಲ್ಲ, ಒಂದು ಲೀಟರಾದರೂ ಸರಿ. ಅಗತ್ಯ ವಸ್ತುಗಳ ಕಾಯ್ದೆಯೂ ಅಲ್ಲಿ ಮೈಮೇಲೆ ಬರುತ್ತದೆ. ಪಕ್ಕದಲ್ಲೇ ಬೀಡಿ ಹಚ್ಚುವ ಜನ, ಒಳಗೆ ಮಲಗಿದ ಮಕ್ಕಳು. ನೋಡಿದಾಗಲೆಲ್ಲ ನನ್ನ ಎದೆ ಧಸಕ್ಕೆನ್ನುತ್ತದೆ.

ದಾರಿಯಲ್ಲಿ ಪೊಲೀಸರು ತಡೆದರೆ? ಮೊದಲು ಗಾಡಿಯ ಕಾಗದ ತೋರಿಸಿ. ಡಿಜಿಲಾಕರಿನಲ್ಲಿರುವ ಆರ್‌ಸಿ, ಲೈಸೆನ್ಸಿಗೂ ಕಾನೂನಿನ ಮಾನ್ಯತೆ ಇದೆ. ಡಬ್ಬಿ ತೋರಿಸಿ, ಲೋಹದ್ದು, 30 ಲೀಟರಿನ ಒಳಗೆ, ಸ್ವಂತಕ್ಕೆ ಎಂದು ಸಮಾಧಾನವಾಗಿ ಹೇಳಿ. ಪಂಪಿನ ಬಿಲ್ಲು ಜೇಬಿನಲ್ಲಿರಲಿ. ಪೆಟ್ರೋಲಿಯಂ ಕಾಯ್ದೆಯ 23ನೇ ಕಲಂ ಮೊದಲ ತಪ್ಪಿಗೆ ಇಟ್ಟಿರುವುದು ಒಂದು ತಿಂಗಳವರೆಗಿನ ಸಾದಾ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಇಷ್ಟು ಕಡಿಮೆ ಶಿಕ್ಷೆಯ ತಪ್ಪು ಜಾಮೀನು ಸಿಗುವಂಥದ್ದು. ಅದೊಂದಕ್ಕೇ ವಾರಂಟ್ ಇಲ್ಲದೆ ಬಂಧಿಸಲು ಬರುವುದಿಲ್ಲ. ಆದರೆ ಬೆಂಕಿಗೆ ಆಸ್ಪದವಾಗುವ ಹಾಗೆ ಬೇಜವಾಬ್ದಾರಿಯಿಂದ ಒಯ್ದು ಜನರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಬೀಳುತ್ತದೆ. ಆರು ತಿಂಗಳವರೆಗೆ ಸಜೆ ಇರುವ ಆ ಕಲಮಿನಡಿ ಪೊಲೀಸರು ನೇರವಾಗಿ ಪ್ರಕರಣ ದಾಖಲಿಸಬಹುದು. ಸೋರುವ ಪ್ಲಾಸ್ಟಿಕ್ ಕ್ಯಾನು ಹೊತ್ತವನು ಸಿಕ್ಕಿಬೀಳುವುದು ಇಲ್ಲೇ.

ಗಾಡಿ ಅಥವಾ ಡಬ್ಬಿ ಜಪ್ತಿಯಾದರೆ ಜಪ್ತಿ ಪಟ್ಟಿಯ ಪ್ರತಿ ಕೇಳಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ತಪಾಸಣೆ, ಜಪ್ತಿಗಳನ್ನು ವಿಡಿಯೋ ಮಾಡಬೇಕು. ಜಪ್ತಿಯ ಸುದ್ದಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಗಾಡಿ ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ರಸೀದಿ ಇಲ್ಲದ ರೊಕ್ಕವನ್ನು ದಂಡವೆಂದು ಕೊಡಬೇಡಿ. ವಕೀಲರಿಗೆ ಕೊಡಲು ಕೈಯಲ್ಲಿ ಇಲ್ಲದವರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ, ಪಂಗಡದವರು, ಬಂಧನದಲ್ಲಿರುವವರು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಉಚಿತ ನೆರವು ಪಡೆಯಬಹುದು. ಬೀದರ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೆ 15100ಕ್ಕೆ ಫೋನ್ ಮಾಡಿ.

ರೈಲು, ಬಸ್ಸಿನಲ್ಲಿ ಮಾತ್ರ ಡಬ್ಬಿ ಬೇಡವೇ ಬೇಡ. ಅಪಾಯಕಾರಿ ವಸ್ತು ಒಯ್ದವರಿಗೆ 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಮೂರು ವರ್ಷದವರೆಗೆ ಸಜೆ ಹೇಳುತ್ತದೆ. ಬೈಕನ್ನೇ ಪಾರ್ಸಲ್ ಮಾಡುವುದಾದರೆ ಟಾಕಿ ಪೂರ್ತಿ ಖಾಲಿ ಮಾಡಿ ಕೊಡಬೇಕು. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಬಳಿ, ಹೈದರಾಬಾದಿನಿಂದ ಬೆಂಗಳೂರಿಗೆ ಹೊರಟಿದ್ದ ಬಸ್ಸಿನಡಿ ಬೈಕೊಂದು ಸಿಕ್ಕಿ ಬೆಂಕಿ ಹತ್ತಿತು. ಬಸ್ಸಿನಲ್ಲಿದ್ದ 19 ಜನ ಸುಟ್ಟುಹೋದರು. ಒಂದು ಬೈಕಿನ ಟಾಕಿಯಲ್ಲಿರುವ ಎಣ್ಣೆ ಏನು ಮಾಡಬಲ್ಲದು ಎಂಬುದನ್ನು ನಾವು ಮರೆಯಬಾರದು.

ನಿಜಕ್ಕೂ ಹೆಚ್ಚುವರಿ ಡಬ್ಬಿ ಯಾರಿಗೆ ಬೇಕು? ಬೀದರದಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್, ದಾರಿಯುದ್ದಕ್ಕೂ ಪಂಪುಗಳು. 13 ಲೀಟರಿನ ಟಾಕಿ, ಲೀಟರಿಗೆ 35 ಕಿಲೋಮೀಟರ್ ಎಂದು ಹಿಡಿದರೂ ಒಂದೇ ತುಂಬಿಗೆ 455 ಕಿಲೋಮೀಟರ್ ಆಯಿತು. ಅಲ್ಲಿಗೆ ಡಬ್ಬಿ ಬರೀ ಭಾರ. ಮನಾಲಿಯಿಂದ ಲೇಹ್‌ಗೆ ಹೋಗುವ ದಾರಿಯ ಕಥೆಯೇ ಬೇರೆ. ಅಲ್ಲಿ ತಾಂಡಿಯ ಪಂಪಿನಲ್ಲಿ, ಮುಂದಿನ ಪಂಪ್ 365 ಕಿಲೋಮೀಟರ್ ದೂರ ಎಂಬ ಫಲಕ ಬಹುಕಾಲ ಪ್ರಸಿದ್ಧವಾಗಿತ್ತು. ಘಾಟಿಯಲ್ಲಿ ಗಾಡಿ ಎಣ್ಣೆ ಜಾಸ್ತಿ ಕುಡಿಯುತ್ತದೆ, ಡಬ್ಬಿಯ ಕೆಲಸ ಇರುವುದು ಅಲ್ಲಿ.

ಪಂಪಿನ ಹೊರಗೆ ಬೇವಿನ ನೆರಳಲ್ಲಿ ನಿಂತು ಹುಡುಗನಿಗೆ ಇದನ್ನೇ ಹೇಳಿದೆ. ಕೋಪ ಇಳಿದಿತ್ತು. ಮೊಬೈಲಿನಲ್ಲಿ ಬರೆದುಕೊಂಡ: ತಗಡಿನ ಡಬ್ಬಿ, ಐದರದ್ದು, ಮನಾಲಿ ದಾಟಿದ ಮೇಲೆ ತಾಂಡಿಯಲ್ಲಿ ತುಂಬುವುದು. "ಹಂಗಾದ್ರ ಇಲ್ಲಿಂದ ಅಲ್ಲೀತನಕ ಖಾಲಿನೇ ಒಯ್ಯಬೇಕೇನ್ರಿ ಅಣ್ಣಾ?" ಅಂದ. ಹೌದು, ಆದರೆ ಒಮ್ಮೆ ತುಂಬಿ ಸುರಿದ ಮೇಲೆ ಖಾಲಿ ಡಬ್ಬಿಯೊಳಗೂ ಆವಿ ಉಳಿದಿರುತ್ತದೆ, ಆಗಲೂ ಮುಚ್ಚಳ ಬಿಗಿಯಾಗಿಯೇ ಇರಲಿ ಎಂದೆ. ಅವನು ಎಣ್ಣೆಯ ಕ್ಯಾನಿಗೆ ಕುಡಿಯುವ ನೀರು ತುಂಬಿಕೊಳ್ಳಲು ನಳದ ಕಡೆ ನಡೆದ.