ಕೂಸು ಅಳದಿದ್ದರೆ ಮೊದಲ ನಿಮಿಷದಲ್ಲಿ ಏನಾಗಬೇಕು?

ಪ್ರಶ್ನೆ: ಎರಡು ವರ್ಷದ ಹಿಂದೆ ನನ್ನ ಹೆಂಡತಿಗೆ ಚೊಚ್ಚಲ ಹೆರಿಗೆಯಾದಾಗ ಮಗು ಅಳಲೇ ಇಲ್ಲ. ಬೇರೆ ಆಸ್ಪತ್ರೆಗೆ ಸಾಗಿಸಿದರೂ ಮೂರನೇ ದಿನ ತೀರಿಕೊಂಡಿತು. ‘ಉಸಿರು ಕಟ್ಟಿತ್ತು’ ಎಂದಷ್ಟೇ ಹೇಳಿದರು. ಈಗ ಆಕೆಗೆ ಏಳು ತಿಂಗಳು. ತಾಲ್ಲೂಕು ಆಸ್ಪತ್ರೆ ನಮಗೆ ಹತ್ತಿರ. ಮನೆಯ ಹಿರಿಯರು ದೊಡ್ಡ ಊರಿಗೇ ಹೋಗಿ ಅನ್ನುತ್ತಾರೆ. ಏನು ಮಾಡಲಿ ಡಾಕ್ಟ್ರೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಗ್ರಹಣದ ದಿನ ಹೊರಗೆ ಬಂದದ್ದಕ್ಕೆ, ಪಪ್ಪಾಯಿ ತಿಂದದ್ದಕ್ಕೆ ಹೀಗಾಯಿತು ಎಂದು ನಿಮ್ಮ ಮನೆಯವರನ್ನು ಯಾರಾದರೂ ಚುಚ್ಚುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಹೆರಿಗೆ ನೋವು ಅತಿಯಾಗಿ ಎಳೆದಾಗ, ಮಗುವಿಗಿಂತ ಮೊದಲೇ ಹೊಕ್ಕುಳಬಳ್ಳಿ ಜಾರಿದಾಗ, ಮಾಸು ಬೇಗ ಬಿಟ್ಟುಕೊಂಡಾಗ, ತಾಯಿಯ ಬಿಪಿ ಏರಿದಾಗ ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ. ಎಷ್ಟೋ ಸಲ ಯಾವ ಮುನ್ಸೂಚನೆಯೂ ಇರುವುದಿಲ್ಲ.

ನೂರು ಕೂಸುಗಳಲ್ಲಿ ಸುಮಾರು ಹತ್ತಕ್ಕೆ ಉಸಿರು ಶುರುಮಾಡಲು ಸ್ವಲ್ಪ ನೆರವು ಬೇಕು. ಎದೆ ಒತ್ತುವುದು, ಔಷಧಿ ಕೊಡುವುದು ಇವೆಲ್ಲ ಬೇಕಾಗುವುದು ಒಂದಕ್ಕೋ ಏನೋ. ಉಳಿದವಕ್ಕೆ ಬೇಕಾದದ್ದು ತೀರ ಸರಳ: ಬೆಚ್ಚಗಿನ ಒಣಬಟ್ಟೆಯಿಂದ ಒರೆಸಿ, ಬೆನ್ನು ತಿಕ್ಕುವುದು, ಆಗಲೂ ಉಸಿರಾಡದಿದ್ದರೆ ಹುಟ್ಟಿದ ಒಂದು ನಿಮಿಷದೊಳಗೆ ಮುಖಕ್ಕೆ ಮಾಸ್ಕ್ ಇಟ್ಟು ಬ್ಯಾಗ್ ಒತ್ತುವುದು, ನಿಮಿಷಕ್ಕೆ 40ರಿಂದ 60 ಸಲ. ತಿಂಗಳು ತುಂಬಿದ ಮಗುವಿಗೆ ಆರಂಭಕ್ಕೆ ಕೋಣೆಯ ಗಾಳಿಯೇ ಸಾಕು, ಸಿಲಿಂಡರ್ ಬರಲಿ ಎಂದು ಕಾಯಬಾರದು. ತಲೆಕೆಳಗು ಹಿಡಿಯುವುದು, ತಣ್ಣೀರು ಚಿಮುಕಿಸುವುದು, ಕುಂಡೆಗೆ ಬಾರಿಸುವುದು ಬೇಡವೇ ಬೇಡ.

ಹಾಗಾಗಿ ಕಟ್ಟಡದ ಎತ್ತರ ನೋಡಬೇಡಿ. ಆ ನಿಮಿಷದಲ್ಲಿ ಮಗುವಿನ ಪಕ್ಕ ಯಾರಿರುತ್ತಾರೆ ಎಂದು ನೋಡಿ. ನಿಮ್ಮದು ಅಪಾಯದ ಗರ್ಭ ಎಂದೇ ಲೆಕ್ಕ. ಹಗಲು ರಾತ್ರಿ ಯಾವಾಗ ಬೇಕಾದರೂ ಸಿಸೇರಿಯನ್ ಮಾಡುವ, ಮಕ್ಕಳ ಡಾಕ್ಟರು ಸಿಗುವ ಜಾಗವೇ ಆಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡೂ ಇದ್ದರೆ ಅಲ್ಲೇ ಆಗಬಹುದು. ಇಲ್ಲದಿದ್ದರೆ ನವಜಾತ ಶಿಶು ಘಟಕವಿರುವ ಜಿಲ್ಲಾ ಆಸ್ಪತ್ರೆ. ಎಂಟು ತುಂಬುವುದರೊಳಗೆ ಒಮ್ಮೆ ಹೋಗಿ ಕೇಳಿ: ಹೆರಿಗೆ ಕೋಣೆಯಲ್ಲೇ ವಾರ್ಮರ್ ಇದೆಯೇ? ಬ್ಯಾಗ್, ಎರಡು ಅಳತೆಯ ಮಾಸ್ಕ್ ಮಂಚದ ಪಕ್ಕದಲ್ಲೇ ಇರುತ್ತವೆಯೇ? ಬೀರುವಿನಲ್ಲಿ ಬೀಗ ಹಾಕಿಟ್ಟ ಹೊಸ ಬ್ಯಾಗ್ ಇದ್ದೂ ಇಲ್ಲದಂತೆ. ರಾತ್ರಿ ಪಾಳಿಯಲ್ಲಿ, ತಾಯಿಯನ್ನು ನೋಡುವವರನ್ನು ಬಿಟ್ಟು, ಮಗುವಿಗೆಂದೇ ಒಬ್ಬರು ಇರುತ್ತಾರೆಯೇ? ಕೇಂದ್ರ ಸರ್ಕಾರ 2009ರಲ್ಲಿ ‘ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ’ ಆರಂಭಿಸಿದ್ದೇ ನರ್ಸ್‌ಗಳಿಗೂ ಈ ಕೆಲಸ ಕಲಿಸಲು. ಆದರೆ ಒಮ್ಮೆ ಕಲಿತ ಕೈ ಕೆಲವೇ ತಿಂಗಳಲ್ಲಿ ಮರೆಯುತ್ತದೆ. ಗೊಂಬೆಯ ಮೇಲೆ ಆಗಾಗ ಅಭ್ಯಾಸ ಮಾಡಿಸುವ ಆಸ್ಪತ್ರೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ.

ತಾಯಿ ಕಾರ್ಡಿನಲ್ಲಿ ಮೊದಲ ಮಗುವಿನ ಸಂಗತಿ ಬರೆಸಿ, ಹಳೆಯ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ನೋವು ಶುರುವಾದ ಕೂಡಲೇ ಹೊರಡಿ.

ಪ್ರಶ್ನೆ: ಮೊಮ್ಮಗ ಹುಟ್ಟಿದಾಗ ತಡವಾಗಿ ಅತ್ತ. ಚೀಟಿಯಲ್ಲಿ ‘ಆಪ್ಗಾರ್ 4, 8’ ಎಂದಿದೆ. ಬುದ್ಧಿಗೆ ತೊಂದರೆಯಾದೀತೇ?
– ಒಬ್ಬ ಅಜ್ಜಿ, ಶಿರಸಿ

ಉತ್ತರ: ಅಮೆರಿಕದ ಅರಿವಳಿಕೆ ವೈದ್ಯೆ ವರ್ಜೀನಿಯಾ ಆಪ್ಗಾರ್ 1952ರಲ್ಲಿ ರೂಪಿಸಿದ ಅಂಕಪಟ್ಟಿ ಅದು. ಬಣ್ಣ, ಎದೆಬಡಿತ, ಸ್ಪಂದನೆ, ಕೈಕಾಲಿನ ಬಿಗಿ, ಉಸಿರು ಈ ಐದಕ್ಕೆ ತಲಾ ಎರಡು ಅಂಕ. 4 ಮೊದಲ ನಿಮಿಷದ್ದು, 8 ಐದನೆಯ ನಿಮಿಷದ್ದು; ನಿಮ್ಮ ಮೊಮ್ಮಗ ಬೇಗ ಚೇತರಿಸಿಕೊಂಡಿದ್ದಾನೆ. ಮೊದಲ ದಿನಗಳಲ್ಲಿ ಫಿಟ್ಸ್ ಬಾರದೆ, ಚೆನ್ನಾಗಿ ಹಾಲು ಕುಡಿದಿದ್ದರೆ ಗಾಬರಿ ಬೇಡ. ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತಕ್ಕೆ ಕೂರದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಉಸಿರು ಕಟ್ಟಿದ ಮಗುವಿನ ಮೈ ತಂಪು ಮಾಡುವ ಯಂತ್ರವಿರುವ ಆಸ್ಪತ್ರೆಯೇ ಒಳ್ಳೆಯದೇ?
– ಓದುಗರು, ತುಮಕೂರು

ಉತ್ತರ: ಶ್ರೀಮಂತ ದೇಶಗಳಲ್ಲಿ ಅದರಿಂದ ಪ್ರಯೋಜನ ಕಂಡಿದೆ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ‘ಹೀಲಿಕ್ಸ್’ ಅಧ್ಯಯನದಲ್ಲಿ ಮಾತ್ರ ತಂಪು ಮಾಡಿದವರಲ್ಲಿ ನೂರಕ್ಕೆ 42, ಮಾಡದವರಲ್ಲಿ 31 ಶಿಶುಗಳು ತೀರಿಕೊಂಡವು. ಬರೀ ಆ ಯಂತ್ರವನ್ನು ನಂಬಿ ಆಸ್ಪತ್ರೆ ಆರಿಸಬೇಡಿ.