ಗಜನಿಯಲ್ಲಿ ಭತ್ತ ಮತ್ತು ಸಿಗಡಿ: ಒಂದೇ ನೀರಿಗೆ ಒಂದೇ ಯೋಜನೆ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಮಂಜಗುಣಿಯ ಬಳಿ ಗಂಗಾವಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುತ್ತದೆ. ಬೇಸಿಗೆಯಲ್ಲಿ ಉಬ್ಬರದ ಉಪ್ಪುನೀರು ಅಳಿವೆಯೊಳಗೆ ಬಹುದೂರ ಏರುತ್ತದೆ. ಮಳೆಗಾಲದಲ್ಲಿ ಘಟ್ಟದಿಂದ ಇಳಿದ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಗಂಗಾವಳಿ, ಅಘನಾಶಿನಿ ಮುಂತಾದ ನದಿಗಳ ಅಳಿವೆಗಳಲ್ಲಿ ಒಡ್ಡು ಹಾಕಿ ಸಾಗುವಳಿ ಮಾಡುವ ತಗ್ಗು ಭೂಮಿಗೆ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಭತ್ತ, ಅನಂತರ ಸಿಗಡಿ ಮತ್ತು ಮೀನು, ಇದು ಇಲ್ಲಿನ ಹಳೆಯ ಕ್ರಮ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿಯೂ ಇದೇ ಪದ್ಧತಿಯಿದೆ.

ಗಜನಿಯಲ್ಲಿ ಗದ್ದೆಗಳು ಹಲವರವು. ಒಡ್ಡು, ಬಾಗಿಲು ಮತ್ತು ನೀರು ಎಲ್ಲರಿಗೂ ಸೇರಿದವು. ಆದ್ದರಿಂದ ಇಲ್ಲಿ ಸಿಗಡಿ ಕೃಷಿಯ ಯೋಜನೆಯನ್ನು ಒಬ್ಬ ರೈತನ ಗದ್ದೆಗೆ ಮಾತ್ರ ಮಾಡಿದರೆ ಸಾಲದು. ಇಡೀ ಗಜನಿಗೆ ಒಂದೇ ಯೋಜನೆ ಇರಬೇಕು.

ಭತ್ತಕ್ಕೂ ಸಿಗಡಿಗೂ ಇರುವ ಸಂಬಂಧ

ಮುಂಗಾರಿನ ಮೊದಲ ಮಳೆಗಳು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತದ ಬೀಜವನ್ನು ಬಿತ್ತುತ್ತಾರೆ. ಕಗ್ಗವು ಉಪ್ಪನ್ನೂ ನೆರೆಯನ್ನೂ ತಕ್ಕಮಟ್ಟಿಗೆ ತಡೆಯುವ ಸ್ಥಳೀಯ ತಳಿ. ಕೊಯ್ಲಾದ ನಂತರ ಕೂಳೆಯನ್ನು ಹಾಗೆಯೇ ಬಿಟ್ಟು, ಬಾಗಿಲು ತೆರೆದು ಉಬ್ಬರದ ನೀರನ್ನು ಒಳಗೆ ಬಿಡುತ್ತಾರೆ. ನೀರಿನೊಡನೆ ಸಿಗಡಿ ಮತ್ತು ಮೀನಿನ ಮರಿಗಳು ಬರುತ್ತವೆ. ಕೊಳೆತ ಕೂಳೆಯ ಆಸರೆಯಲ್ಲಿ ಪಾಚಿ ಮತ್ತು ಸೂಕ್ಷ್ಮಜೀವಿಗಳು ಬೆಳೆದು ಈ ಮರಿಗಳಿಗೆ ಆಹಾರವಾಗುತ್ತವೆ. ಅವುಗಳ ಮಲ ಮತ್ತು ಉಳಿದ ಕಸ ಮುಂದಿನ ಭತ್ತಕ್ಕೆ ಗೊಬ್ಬರವಾಗುತ್ತವೆ. ಹೀಗೆ ಒಂದು ಬೆಳೆಯ ಉಳಿಕೆ ಇನ್ನೊಂದಕ್ಕೆ ಬಂಡವಾಳ.

ಸಂಬಂಧ ತಪ್ಪಿದರೆ

ಸಿಗಡಿಯ ಬೆಲೆ ಏರಿದಾಗ ವರ್ಷವಿಡೀ ಉಪ್ಪುನೀರು ನಿಲ್ಲಿಸುವ ಆಸೆ ಸಹಜ. ಆದರೆ ಮಳೆಗಾಲದಲ್ಲಿಯೂ ಉಪ್ಪುನೀರು ನಿಂತರೆ ಮಣ್ಣಿನ ಉಪ್ಪು ತೊಳೆದುಹೋಗುವುದಿಲ್ಲ. ಸುತ್ತಲಿನ ಬಾವಿಗಳ ನೀರು ಕೆಡುವ ಸಂಭವವೂ ಉಂಟು. ಎರಡು ಮೂರು ವರ್ಷ ಬಿತ್ತನೆ ತಪ್ಪಿದರೆ ಮನೆಯಲ್ಲಿಟ್ಟ ಕಗ್ಗದ ಬೀಜ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆ ಮೇಲೆ ಭತ್ತಕ್ಕೆ ಮರಳಬೇಕೆಂದರೂ ಬೀಜವಿರುವುದಿಲ್ಲ.

1990ರ ದಶಕದ ನಡುವಿನಲ್ಲಿ ಬಿಳಿಚುಕ್ಕೆ ರೋಗವು ಭಾರತದ ಕರಾವಳಿಯ ಸಿಗಡಿ ಕೊಳಗಳಿಗೆ ಹರಡಿ ಭಾರೀ ನಷ್ಟವನ್ನುಂಟುಮಾಡಿತು. ಇದು ವೈರಸ್ಸಿನ ರೋಗ, ಇದಕ್ಕೆ ಔಷಧವಿಲ್ಲ. ಒಂದು ಕೊಳದಿಂದ ಹೊರಬಿಟ್ಟ ನೀರು ಮತ್ತು ಅದರೊಡನೆ ಹೋಗುವ ಏಡಿಗಳು ರೋಗವನ್ನು ಮುಂದಿನ ಕೊಳಕ್ಕೆ ಒಯ್ಯುತ್ತವೆ.

ನೀರು ಹಂಚಿಕೊಂಡವರು ನಷ್ಟವನ್ನೂ ಹಂಚಿಕೊಳ್ಳಬೇಕಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆಯೂ ಇದೆ. ಪೆಸಿಫಿಕ್ ಸಾಗರದ ಕುಕ್ ದ್ವೀಪಗಳಲ್ಲಿ ಮನಿಹಿಕಿ ಎಂಬ ಪುಟ್ಟ ದ್ವೀಪವಿದೆ. ಅಲ್ಲಿಯ ಹಿನ್ನೀರಿನಲ್ಲಿ ಕಪ್ಪು ಮುತ್ತಿನ ಚಿಪ್ಪುಗಳನ್ನು ಸಾಕುತ್ತಾರೆ. ಲಾಭ ಕಂಡು ಪ್ರತಿಯೊಬ್ಬರೂ ಚಿಪ್ಪುಗಳನ್ನು ಹೆಚ್ಚಿಸುತ್ತಾ ಹೋದರು. 2000ದಲ್ಲಿ ರೋಗ ಬಂದು ಅಪಾರ ಚಿಪ್ಪುಗಳು ಸತ್ತವು. ಅನಂತರ ಇಡೀ ಹಿನ್ನೀರಿಗೆ ಒಂದೇ ನಿರ್ವಹಣಾ ಯೋಜನೆ ಬೇಕೆಂಬುದು ಅಲ್ಲಿಯ ಸಾಕಣೆದಾರರಿಗೆ ಮನವರಿಕೆಯಾಯಿತು. ಗಜನಿಯ ರೈತರು ನಷ್ಟಕ್ಕೆ ಮುಂಚೆಯೇ ಈ ಪಾಠವನ್ನು ಕಲಿಯಬಹುದು.

ಯೋಜನೆಯ ಕ್ರಮ

1. ಪಂಚಾಂಗ: ಭತ್ತದ ಬಿತ್ತನೆಯ ದಿನವನ್ನು ಮೊದಲು ಗೊತ್ತುಮಾಡಬೇಕು. ಅದಕ್ಕೆ ಸಾಕಷ್ಟು ಮುಂಚೆ ಸಿಗಡಿಯನ್ನು ಹಿಡಿದು ಮುಗಿಸಿ, ನೀರನ್ನು ಖಾಲಿ ಮಾಡಿ, ಒಡ್ಡನ್ನು ದುರಸ್ತಿ ಮಾಡಿ ಬಾಗಿಲನ್ನು ಭದ್ರಪಡಿಸಬೇಕು. ಉಳಿದ ತಿಂಗಳುಗಳು ಮಾತ್ರ ಸಿಗಡಿಗೆ.

2. ಬಾಗಿಲು: ತೆರೆಯುವ ಮತ್ತು ಮುಚ್ಚುವ ಅಧಿಕಾರ ಗಜನಿ ಸಂಘದ್ದಾಗಿರಬೇಕು. ದಿನ, ವೇಳೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕು.

3. ಒಡ್ಡು: ಏಡಿ ಬಿಲಗಳನ್ನು ಜೇಡಿಮಣ್ಣಿನಿಂದ ಮುಚ್ಚಬೇಕು. ಹೊರಮೈಯ ಕಾಂಡ್ಲಾ ಗಿಡಗಳನ್ನು ಕಡಿಯಬಾರದು. ಅಲೆಯ ಹೊಡೆತವನ್ನು ತಡೆಯುವವು ಅವೇ. ಮೀನಿನ ಮರಿಗಳಿಗೆ ತಾಣವೂ ಅವೇ.

4. ಮರಿಗಳು: ಉಬ್ಬರದ ಮರಿಗಳ ಜೊತೆಗೆ ಹೊರಗಿನ ಮರಿಗಳನ್ನು ಬಿಡುವುದಾದರೆ ಚದರ ಮೀಟರಿಗೆ ಒಂದೆರಡು ಸಾಕು. ಎಕರೆಗೆ ಇದು ಸುಮಾರು 4ರಿಂದ 8 ಸಾವಿರ. ಬಿಳಿಚುಕ್ಕೆ ವೈರಸ್ ಇಲ್ಲವೆಂದು ಪರೀಕ್ಷೆಯಾದ ಮರಿಗಳನ್ನೇ ಕೊಳ್ಳಬೇಕು.

5. ನೀರಿನ ಪರೀಕ್ಷೆ: ಬಿಳಿ ತಟ್ಟೆಯೊಂದನ್ನು ಕೋಲಿಗೆ ಕಟ್ಟಿ ನೀರಿಗೆ ಇಳಿಸಿ. 30ರಿಂದ 40 ಸೆಂಟಿಮೀಟರ್ ಆಳದಲ್ಲಿ ಅದು ಮರೆಯಾದರೆ ಪಾಚಿ ಹದವಾಗಿದೆ. ಅದಕ್ಕೂ ಮೇಲೆಯೇ ಪಾಚಿಯಿಂದ ಮರೆಯಾದರೆ ನೀರು ಬದಲಿಸಬೇಕು. ಮುಂಜಾನೆ ಸಿಗಡಿಗಳು ಮೇಲ್ಮೈಗೆ ಬರುವುದು ಆಮ್ಲಜನಕದ ಕೊರತೆಯ ಸೂಚನೆ.

6. ರೋಗ: ಸಿಗಡಿಗಳು ದಡಕ್ಕೆ ಬಂದು ಸಾಯುತ್ತಿದ್ದರೆ ಬಾಗಿಲು ತೆರೆಯಬಾರದು. ನೆರೆಯವರಿಗೂ ಮೀನುಗಾರಿಕೆ ಇಲಾಖೆಗೂ ಕೂಡಲೇ ತಿಳಿಸಬೇಕು. ಸತ್ತವನ್ನು ಸುಣ್ಣ ಹಾಕಿ ಹೂಳಬೇಕು.

ಗುತ್ತಿಗೆ ಮತ್ತು ಕಾನೂನು

ಸಿಗಡಿ ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವಾಗ ನೀರು ಖಾಲಿ ಮಾಡುವ ದಿನ, ಒಡ್ಡಿನ ದುರಸ್ತಿಯ ಹೊಣೆ ಮತ್ತು ತಪ್ಪಿದರೆ ಕೊಡಬೇಕಾದ ಪರಿಹಾರವನ್ನು ಬರಹದಲ್ಲಿ ನಮೂದಿಸಬೇಕು. ಗುತ್ತಿಗೆಯ ಹಣವನ್ನು ಲೆಕ್ಕ ಹಾಕುವಾಗ ಕಳೆದುಕೊಳ್ಳುವ ಭತ್ತ, ಹುಲ್ಲು ಮತ್ತು ಬೀಜದ ಬೆಲೆಯನ್ನೂ ಸೇರಿಸಿ ನೋಡಬೇಕು. ಗದ್ದೆಯಿಲ್ಲದೆ ಅಳಿವೆಯ ಬಳಚು, ಮೀನುಗಳನ್ನೇ ನಂಬಿದ ಕುಟುಂಬಗಳನ್ನೂ ಮಾತುಕತೆಗೆ ಕರೆಯಬೇಕು. ಹೊರಬಿಡುವ ನೀರು ಮೊದಲು ಸೇರುವುದು ಅವರ ದುಡಿಮೆಯ ಜಾಗವನ್ನು.

1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ತೀವ್ರ ಸಿಗಡಿ ಕೃಷಿಯ ಕೊಳಗಳನ್ನು ನಿಷೇಧಿಸಿ, ಸಾಂಪ್ರದಾಯಿಕ ಮತ್ತು ಸುಧಾರಿತ ಸಾಂಪ್ರದಾಯಿಕ ಪದ್ಧತಿಗಳಿಗೆ ವಿನಾಯಿತಿ ನೀಡಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯಿದೆ ಬಂದಿತು. 2023ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಸಾಕಣೆ ಆರಂಭಿಸುವ ಮೊದಲು ನೋಂದಣಿಯ ವಿಷಯವನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸುವುದು ಅವಶ್ಯ.

ಬಿತ್ತನೆಗೆ ಮುಂಚೆ ಗಜನಿಯ ರೈತರೆಲ್ಲರೂ ಒಮ್ಮೆ ಸೇರಿ ಮೇಲಿನ ಆರು ಅಂಶಗಳನ್ನು ತೀರ್ಮಾನಿಸಿಕೊಳ್ಳಬೇಕು. ವಿಸ್ತರಣಾ ಕಾರ್ಯಕರ್ತರು ಇಂತಹ ಸಭೆಯನ್ನು ಕರೆಯಲು ನೆರವಾಗಬೇಕು. ಭತ್ತ ಉಳಿದ ಗಜನಿಯಲ್ಲಿ ಸಿಗಡಿಯೂ ಉಳಿಯುತ್ತದೆ.